ಮೊಹರು ಹಾಕುವ ಮುಂಚೆ ಒಮ್ಮೆ ಹೊರಮಾವಿಗೆ ಬನ್ನಿ

ಮಾನ್ಯ ಉಪನೋಂದಣಾಧಿಕಾರಿಗಳೇ,

ನಾನು ಇವತ್ತು ಬೆಳಿಗ್ಗೆ ಚಹಾ ಕಾಯಿಸಿದ ಮನೆ ನನಗೆ ತಿಳಿಯದಂತೆಯೇ ಮಾರಾಟವಾಗಿದೆ. ಮಾರಿದವನು ನನ್ನ ಅಣ್ಣ, ಮೊಹರು ಹಾಕಿದವರು ನೀವು. ಬರುವ ಸೋಮವಾರ ಅದೇ ಮನೆ ಎರಡನೇ ಸಲ ನಿಮ್ಮ ಮೇಜಿಗೆ ಬರಲಿದೆ. ಈ ಸಲ ಕೊಳ್ಳುತ್ತಿರುವವರು ಎಂಥವರು ಎಂದು ನಮ್ಮ ಬೀದಿಗೆಲ್ಲ ಗೊತ್ತು, ನಿಮಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದು ನಿಮ್ಮ ಕೆಲಸವಲ್ಲ ಎಂದು ನಿಮ್ಮ ಕಚೇರಿಯಲ್ಲೇ ನನಗೆ ಪಾಠ ಹೇಳಿ ಕಳಿಸಿದ್ದಾರೆ. ಆದ್ದರಿಂದ ನಾನೇ ತಿಳಿಸುತ್ತಿದ್ದೇನೆ, ನಾಲ್ಕು ಜನರ ಎದುರಿಗೆ.

ನನ್ನ ಹೆಸರು ಲುಬ್ನಾ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಸೀರೆ ಫಾಲ್ಸ್, ಕುಚ್ಚು ಹಾಕಿಕೊಟ್ಟು ಬದುಕುತ್ತೇನೆ. ಮನೆಯಲ್ಲಿ ದಖನಿ ಮಾತಾಡಿದರೂ ಶಿವಾಜಿನಗರದ ಶಾಲೆಯಲ್ಲಿ ಕನ್ನಡವನ್ನೇ ಓದಿದ್ದು, ಹಾಗಾಗಿ ಈಕೆ ಬರೆದದ್ದು ಅರ್ಥವಾಗಲಿಲ್ಲ ಎಂದು ದಯವಿಟ್ಟು ಹೇಳಬೇಡಿ. ಹೊರಮಾವಿನಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ನನ್ನ ಅಮ್ಮಿ ಶರ್ಫುನ್ನೀಸಾ ತನ್ನ ಬಳೆ ಮಾರಿ ಈ ಪುಟ್ಟ ಸೈಟು ಕೊಂಡಳು. ಮೊದಲು ಶೀಟಿನ ಸೂರು, ಆಮೇಲೆ ಮೋಲ್ಡಿಂಗು. ಗಂಡ ತೀರಿಕೊಂಡ ಮೇಲೆ ನಾನು ಮಗಳು ನಾಜಿಶ್‌ಳನ್ನು ಕರೆದುಕೊಂಡು ಬಂದದ್ದು ಇಲ್ಲಿಗೇ.

ಅಮ್ಮಿ ಬದುಕಿದ್ದಾಗಲೇ ಮನೆಯನ್ನು ನನಗೆ ಹಿಬಾ ಕೊಟ್ಟಳು. ಹಿಬಾ ಅಂದರೆ ನಮ್ಮವರಲ್ಲಿ ಬಾಯಿಮಾತಿನಲ್ಲಿ ಕೊಡುವ ದಾನ. ಕೊಟ್ಟೆ ಅನ್ನಬೇಕು, ತಗೊಂಡೆ ಅನ್ನಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಕಾಗದವೇ ಬೇಕೆಂದಿಲ್ಲ, ನಿಮ್ಮ ಕೋರ್ಟುಗಳೂ ಇದನ್ನು ಒಪ್ಪುತ್ತವೆ. ಮೌಲ್ವಿಯವರು ಸ್ವಾಧೀನ ಕೊಟ್ಟದ್ದು ಎಲ್ಲರ ಕಣ್ಣಿಗೆ ಕಾಣಬೇಕು ಅಂದರು. ಅದಕ್ಕೆ ಅಮ್ಮಿ ಬಟ್ಟೆಯ ಚೀಲ ಹಿಡಿದು ಹೊರಗೆ ಹೋದಳು. ನನ್ನ ಕೈಗೆ ಬೀಗದ ಕೈ ಕೊಟ್ಟು ಬೀದಿಯಲ್ಲಿ ನಿಂತಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ, ತಾನೇ ಕಟ್ಟಿಸಿದ ಮನೆಯ ಬಾಗಿಲು ತಟ್ಟಿ, "ಲುಬ್ನಾ, ಅಂದರ್ ಆವೂಂ ಕ್ಯಾ?" ಎಂದು ಕೇಳಿದಳು. ಒಳಗೆ ಬರಲಾ ಅಂತ! ನನಗೆ ಅಳು ತಡೆಯಲಾಗಲಿಲ್ಲ. ಸಾಕ್ಷಿಗೆ ನಿಂತವನು ನನ್ನ ಅಣ್ಣ ಕಲೀಮುಲ್ಲಾ. ಖರ್ಜೂರ ಹಂಚಿದವನೂ ಅವನೇ. ಇದನ್ನೊಂದು ಕಾಗದದಲ್ಲಿ ಬರೆಸೋಣವೇ ಎಂದು ನಾನು ಅಳುಕುತ್ತಾ ಕೇಳಿದ್ದಕ್ಕೆ, "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಅಂತ ಮುಖ ಸಿಂಡರಿಸಿದ. ಒಡಹುಟ್ಟಿದವರ ನಡುವೆ ಕಾಗದ ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

ಅಮ್ಮಿ ತೀರಿಕೊಂಡ ಮೇಲೆ ಅಣ್ಣ ಒಂದು ವಂಶವೃಕ್ಷ ಮಾಡಿಸಿದ. ಅದರ ಪ್ರಕಾರ ಶರ್ಫುನ್ನೀಸಾಳಿಗೆ ಒಬ್ಬನೇ ಮಗ, ನಾನು ಹುಟ್ಟಿಯೇ ಇಲ್ಲ. ಹುಟ್ಟದವಳಿಗೆ ಯಾರು ನೋಟಿಸು ಕಳಿಸುತ್ತಾರೆ ಹೇಳಿ? ಖಾತೆ ಅವನ ಹೆಸರಿಗಾಯಿತು. ಕೊಳ್ಳುವವರು ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿದರು, ಅದರಲ್ಲಿ ನನ್ನ ಸುಳಿವಿಲ್ಲ. ಇರುವುದಾದರೂ ಹೇಗೆ? ನಿಮ್ಮಲ್ಲಿ ನೋಂದಣಿಯಾದದ್ದು ಮಾತ್ರ ಅದರಲ್ಲಿ ಬರುತ್ತದೆ. ಅಮ್ಮಿ ಬಾಗಿಲು ತಟ್ಟಿದ್ದು ನಿಮ್ಮ ಕಂಪ್ಯೂಟರಿಗೆ ಕೇಳಿಸಿಲ್ಲ. ಆಕ್ಷೇಪಣೆ ಇದ್ದವರು ತಿಳಿಸಿ ಎಂದು ವಕೀಲರು ಪತ್ರಿಕೆಯಲ್ಲಿ ಪ್ರಕಟಣೆ ಬೇರೆ ಕೊಟ್ಟರಂತೆ, ನಮ್ಮ ಬೀದಿಯಲ್ಲಿ ಯಾರ ಮನೆಗೂ ಬಾರದ ಪತ್ರಿಕೆಯಲ್ಲಿ.

ಕೊಂಡವರು ದುಷ್ಟರೇ? ಅಲ್ಲ, ಅದೇ ನನ್ನ ಸಂಕಟ. ಭೀಮಾಶಂಕರ ಎಂಬ ಗಾರೆ ಮೇಸ್ತ್ರಿ, ಯಾದಗಿರಿ ಕಡೆಯವರು. ಇಷ್ಟು ವರ್ಷ ಬಾಣಸವಾಡಿಯ ಬಾಡಿಗೆ ರೂಮಿನಲ್ಲಿದ್ದು ಪರರ ಮನೆ ಕಟ್ಟಿದವರು. ಒಂದು ಭಾನುವಾರ ಅಣ್ಣ ಅವರನ್ನೂ ಅವರ ಹೆಂಡತಿ ಅಮೃತಮ್ಮನನ್ನೂ ಕರೆತಂದ. ಅಣ್ಣನ ಪರಿಚಯದವರು ಎಂದು ಚಹಾ ಕೊಟ್ಟೆ. ಅಮೃತಮ್ಮ ಅಡುಗೆಮನೆ ನೋಡಿ, "ನೀರು ಛಲೋ ಬರ್ತಾವೇನ್ರೀ ಅಕ್ಕಾ?" ಅಂದರು. ದಿನ ಬಿಟ್ಟು ದಿನ ಬರುತ್ತೆ, ಡ್ರಮ್ಮು ತುಂಬಿಸಿಟ್ಟುಕೊಳ್ಳಬೇಕು ಅಂದೆ. ನನ್ನನ್ನು ಹೊರಗೆ ಹಾಕಲಿರುವವರಿಗೆ ನಾನೇ ನೀರಿನ ದಿನ ಹೇಳಿಕೊಟ್ಟೆ ಸ್ವಾಮೀ! ಅವರು ನಾನು ಯಾರೆಂದು ಕೇಳಲಿಲ್ಲ, ನಾನು ಅವರೇಕೆ ಬಂದರೆಂದು ಕೇಳಲಿಲ್ಲ. ರಿಜಿಸ್ಟ್ರಿ ಮುಗಿಸಿ ಬೀಗದ ಕೈ ಕೇಳಲು ಬಂದ ದಿನ ಎಲ್ಲ ಬಯಲಾಯಿತು. ಮೇಸ್ತ್ರಿ ನನ್ನ ಹೊಸ್ತಿಲಲ್ಲಿ ತಲೆ ಹಿಡಿದು ಅಳುತ್ತಾ ಕೂತು, "ತಂಗಿ ಇದ್ದಾಳ, ಹೇಳಿದ ದಿನ ಬಿಡ್ತಾಳ ಅಂದ್ರು. ಅಣ್ಣನ ಮುಂದ ತಂಗೀನ್ನ ಮನಿ ಯಾರದು ಅಂತ ಹ್ಯಾಂಗ ಕೇಳ್ಬೇಕ್ರೀ ಅಕ್ಕಾ?" ಅಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರದು ಮರ್ಯಾದೆ, ನನ್ನದೂ ಮರ್ಯಾದೆ. ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಲು ಸರ್ಕಾರ ಸಂಬಳ ಕೊಟ್ಟು ಕೂರಿಸಿದ ಒಬ್ಬರಾದರೂ ಇದ್ದಾರೆ ಎಂದು ಇಬ್ಬರೂ ನಂಬಿದ್ದೆವು.

ಆ ನಂಬಿಕೆಯಿಂದಲೇ ನಿಮ್ಮ ಕಚೇರಿಗೆ ಬಂದೆ. "ನೋಡಮ್ಮಾ, ನಾವು ದಸ್ತಾವೇಜು ನೋಂದಾಯಿಸೋದಷ್ಟೇ. ಮನೆ ಯಾರದ್ದು ಅಂತ ತೀರ್ಮಾನಿಸೋದು ಕೋರ್ಟು" ಎಂದರು. ಕಾನೂನು ಹಾಗೆಯೇ ಇದೆಯಂತೆ, ನನ್ನ ವಕೀಲರೂ ಒಪ್ಪಿದರು. ಹಾಗಾದರೆ ಈ ಊರಿನ ಜನ ನಿಮ್ಮ ಬಾಗಿಲಲ್ಲಿ ಇಡೀ ದಿನ ಬಿಸಿಲಿನಲ್ಲಿ ನಿಂತು ಫೋಟೋ, ಹೆಬ್ಬೆಟ್ಟು ಕೊಟ್ಟು, ಹೊರಗೆ ಬಂದು ಸಿಹಿ ಹಂಚುವುದು ಯಾವ ಭಾಗ್ಯಕ್ಕೆ? ರಿಜಿಸ್ಟ್ರಿ ಆಯ್ತು, ಇನ್ನು ಭಯವಿಲ್ಲ ಅಂದುಕೊಳ್ಳುತ್ತಾರಲ್ಲ, ಅವರ ತಪ್ಪು ತಿಳಿವಳಿಕೆಯನ್ನು ನೀವು ಒಂದು ದಿನವಾದರೂ ತಿದ್ದಿದ್ದೀರಾ? ಶುಲ್ಕ ತೆಗೆದುಕೊಳ್ಳುವಾಗ ನಗುತ್ತೀರಿ, ತಕರಾರು ಬಂದಾಗ ಕೋರ್ಟಿನ ದಾರಿ ತೋರಿಸುತ್ತೀರಿ.

ಕೋರ್ಟಿಗೂ ಹೋಗಿದ್ದೇನೆ. ತಡೆಯಾಜ್ಞೆಯ ಅರ್ಜಿ ವಿಚಾರಣೆಗೆ ಬರುವುದು ಮುಂದಿನ ತಿಂಗಳು. ಅಷ್ಟರೊಳಗೆ ಮೇಸ್ತ್ರಿಯ ಕೈ ಸೋತಿತು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬಡ್ಡಿ. ತಕರಾರಿನ ಮನೆಗಳನ್ನೇ ಹುಡುಕಿ ಅಗ್ಗಕ್ಕೆ ಕೊಳ್ಳುವವರು ಅವರನ್ನು ಹುಡುಕಿಕೊಂಡು ಬಂದರು. ಮೊನ್ನೆ ಮೇಸ್ತ್ರಿ ಹೇಳಿ ಹೋದರು: "ಅಕ್ಕಾ, ಸೋಮವಾರ ಬರ್ಕೊಡ್ತೀನಿ. ನಾ ಬಂದಾಗ ಅತ್ತು ಹೊಳ್ಳಿ ಹೋದೆ. ಈಗ ಬರೋರು ಅಳೋ ಮಂದಿ ಅಲ್ರೀ. ಕೂಸಿನ್ನ ಜ್ವಾಪಾನ ಮಾಡ್ರಿ."

ಆವತ್ತಿನಿಂದ ಎದುರಿನ ಬೇಕರಿಯಲ್ಲಿ ಇಬ್ಬರು ಕೂತಿರುತ್ತಾರೆ. ಏನೂ ಮಾಡುವುದಿಲ್ಲ, ಮನೆಯನ್ನೇ ನೋಡುತ್ತಾರೆ. ನಾನು ಸೀರೆ ಕೊಡಲು ಹೋಗುವ ಹೊತ್ತು ಯಾವುದೆಂದು ಪಕ್ಕದ ಮನೆಯವರನ್ನು ವಿಚಾರಿಸಿದ್ದಾರೆ. ನಿನ್ನೆ ನಾಜಿಶ್ ಕಾಲೇಜಿನಿಂದ ಬರುವಾಗ ಒಬ್ಬ ಅವಳನ್ನು ಹೆಸರು ಹಿಡಿದು ಕರೆದು, "ಅಮ್ಮಂಗೆ ಹೇಳಮ್ಮಾ, ಸಾಮಾನು ಕಟ್ಟೋಕೆ ಹೆಲ್ಪ್ ಬೇಕಾದ್ರೆ ಹುಡುಗ್ರು ಇದ್ದಾರೆ ಅಂತ" ಎಂದನಂತೆ, ತುಂಬಾ ಮರ್ಯಾದೆಯಿಂದ. ಠಾಣೆಯಲ್ಲಿ ಇದು ಸಿವಿಲ್ ವಿಷಯ ಅಂದರು. ನನಗೆ ಭಯವಾಗಿದೆ. ನಾನು ಬಾಗಿಲು ಬಿಟ್ಟು ಅಂಗಡಿಗೆ ಹೋಗದ್ದರಿಂದ ಸೀರೆಗಳು ಮನೆಯಲ್ಲೇ ಬಿದ್ದಿವೆ.

ನನ್ನ ಬೇಡಿಕೆ ದೊಡ್ಡದಲ್ಲ. ಮಾರಾಟ ರದ್ದು ಮಾಡಿ ಅನ್ನುತ್ತಿಲ್ಲ, ಅದು ನಿಮ್ಮ ಕೈಯಲ್ಲಿಲ್ಲವೆಂದು ಕಲಿತಾಯಿತು. ಮೊದಲನೆಯದಾಗಿ ನಿಮ್ಮ ಕಚೇರಿಯ ಬಾಗಿಲಿಗೆ, "ಮನೆ ಮಾರುವವರದೇ ಹೌದೋ ಅಲ್ಲವೋ ಎಂದು ನಾವು ನೋಡುವುದಿಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಇನ್ನೊಂದು, ಸೋಮವಾರ ಮೊಹರು ಎತ್ತುವ ಮುಂಚೆ ಒಮ್ಮೆ ಇಲ್ಲಿಗೆ ಬನ್ನಿ. ಬಂದವರು ಬಾಗಿಲು ತಟ್ಟಿ, ಒಳಗೆ ಬರಲಾ ಎಂದು ಕೇಳಿ. ಈ ಮನೆ ಕಟ್ಟಿಸಿದ ಅಮ್ಮಿಯೇ ಹಾಗೆ ಕೇಳಿಕೊಂಡು ಒಳಗೆ ಬಂದವಳು. ಸೋಮವಾರ ಸಂಜೆ ಬರುವವರು ಕೇಳುವುದಿಲ್ಲ.

ಇಂತಿ,
ಕಾಗದದಲ್ಲಿ ಹುಟ್ಟದೆ, ಹೊರಮಾವಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿರುವ,
ಲುಬ್ನಾ