ಭರ್ತಿಯಾಗಿರುವ ಕುರ್ಚಿ

ಕೊಚಬಾಂಬಾ
೧೨ ಸೆಪ್ಟೆಂಬರ್ ೧೯೯೭

ಪ್ರೀತಿಯ ಸೆನೋಬಿಯಾ ಅಕ್ಕನಿಗೆ,

ನನ್ನ ಕೋಳಿಕಾಲಿನ ಅಕ್ಷರ ನೋಡಿ ನಗಬೇಡ. ಐದನೇ ತರಗತಿವರೆಗೆ ಓದಿದವಳು ಇಷ್ಟೇ ಬರೆಯಬಲ್ಲೆ. ತಪ್ಪಿದ್ದಲ್ಲಿ ತಿದ್ದಿ ಓದಿಕೋ. ತಡವಾದದ್ದಕ್ಕೂ ಕ್ಷಮಿಸು. ವಿಶ್ವವಿದ್ಯಾಲಯದಲ್ಲಿ ಬರುವ ವರ್ಷದ ಬಜೆಟ್ಟಿನ ಗಲಾಟೆ, ಕಸ ಗುಡಿಸುವ ನನಗೂ ಬಿಡುವಿಲ್ಲ.

ಭೂವಿಜ್ಞಾನ ಕಲಿಸುತ್ತಿದ್ದ ಒರೋಸ್ಕೊ ಡಾಕ್ಟರು ಆಗಸ್ಟಿನಲ್ಲಿ ತೀರಿಕೊಂಡರು. ಲಾ ಪಾಸ್‌ನಿಂದ ಬರುವ ಸರ್ಕಾರಿ ತಪಾಸಣೆಯವರು ಖಾಲಿ ಕುರ್ಚಿ ಕಂಡರೆ ಆ ಹುದ್ದೆಯನ್ನೂ ಅದರ ಸಂಬಳವನ್ನೂ ಬಜೆಟ್ಟಿನಿಂದ ಹೊಡೆದುಹಾಕುತ್ತಾರೆ. ಹನ್ನೆರಡು ವರ್ಷದಿಂದ ಗಂಟೆ ಲೆಕ್ಕದಲ್ಲಿ ಪಾಠ ಮಾಡುವ ದೆಲ್ಮೀರಾ ಮೇಡಂ ಕಾದಿದ್ದದ್ದು ಅದೇ ಹುದ್ದೆಗೆ.

ಕಚೇರಿಯ ದೋನ್ಯಾ ಒರ್ತೆನ್ಸಿಯಾ ನನ್ನನ್ನು ಕರೆದು, "ಮಗಳೇ, ಡಾಕ್ಟ್ರು ಈಗಷ್ಟೇ ಎದ್ದು ಹೋದ ಹಾಗೆ ಕಾಣ್ಬೇಕು. ಕುರ್ಚಿ ಮೇಲೆ ಕೋಟು ಹಾಕು, ದಿನಾ ಹತ್ತು ಗಂಟೆಗೆ ಬಿಸಿ ಕೋಕಾ ಎಲೆ ಕಷಾಯ ಇಡು. ತಪಾಸಣೆಯವರು ಬಂದು ಹೋಗ್ಲಿ, ಆಮೇಲೆ ಸತ್ತ ಸುದ್ದಿ ಬರೆದು ದೆಲ್ಮೀರಾನ ಹಾಕ್ಕೊಳ್ಳೋಣ" ಎಂದರು.

"ಬದುಕಿದ್ದಾಗ ಹತ್ತಕ್ಕೆ ಎಲ್ಲಿ ಬರ್ತಿದ್ರು? ಸತ್ತ ಮೇಲೆ ಶಿಸ್ತು ಬಂತು ನೋಡಿ" ಎಂದು ದೆಲ್ಮೀರಾ ಮೇಡಂ ನಕ್ಕರು.

ಅಕ್ಕ, ನಾವು ಸತ್ತವರಿಗೆ ಎಡೆ ಇಡುವುದು ನವೆಂಬರಿನಲ್ಲಿ. ಮರುದಿನ ಮಧ್ಯಾಹ್ನವೇ ಹೆಸರು ಕರೆದು ಕಳಿಸಿಕೊಡುತ್ತೇವೆ. ಇಲ್ಲಿ ಮೂರು ವಾರ ದಿನಾ ಕಷಾಯ ಇಟ್ಟೆ. ಕಳಿಸಿಕೊಡುವ ಮಾತನ್ನು ಯಾರೂ ಆಡಲಿಲ್ಲ, ನನಗೂ ಹೇಳುವ ಧೈರ್ಯವಾಗಲಿಲ್ಲ. ಎರಡನೇ ವಾರದಿಂದ ಲೋಟ ಖಾಲಿಯಾಗತೊಡಗಿತು. ಆ ಕೋಣೆಯ ಬೀಗದ ಕೈ ನನ್ನೊಬ್ಬಳ ಬಳಿಯೇ ಇತ್ತು.

ಸೋಮವಾರ ತಪಾಸಣೆಯವರು ಬಂದರು. ಅವರಲ್ಲಿ ಹಿರಿಯರೊಬ್ಬರೇ ಒಳಗೆ ಹೋಗಿ, ಕಾಲು ಗಂಟೆ ಬಿಟ್ಟು ನಗುತ್ತ ಹೊರಬಂದರು.

"ಗಟ್ಟಿ ಮನುಷ್ಯ ಕಣ್ರೀ ನಿಮ್ಮ ಡಾಕ್ಟ್ರು! ಇನ್ನೂ ಹತ್ತು ವರ್ಷ ಜಾಗ ಬಿಡಲ್ವಂತೆ. ಕೈ ಕುಲುಕಿದ್ರೆ ನನಗೂ ಮಣ್ಣು ಮೆತ್ತಿತು. ಬೆಳಿಗ್ಗೇನೇ ಅಗೆಯೋಕೆ ಹೋಗಿದ್ರಾ?"

ಪಟ್ಟಿಯಲ್ಲಿ ಡಾಕ್ಟರ ಹೆಸರಿನ ಮುಂದೆ 'ಖುದ್ದಾಗಿ ಕಂಡೆ' ಎಂದು ಬರೆದು ಮೊಹರು ಹಾಕಿದರು. ಹುದ್ದೆ ಉಳಿಯಿತು. ಆದರೆ ಸೆಪ್ಟೆಂಬರಿನಲ್ಲಿ ಕೈ ಕುಲುಕಿದವರು ಆಗಸ್ಟಿನಲ್ಲೇ ಸತ್ತರೆಂದು ದೋನ್ಯಾ ಒರ್ತೆನ್ಸಿಯಾ ಈಗ ಹೇಗೆ ಬರೆದಾರು? ದೆಲ್ಮೀರಾ ಮೇಡಂಗೆ ಆ ಕುರ್ಚಿ ಇಲ್ಲ.

ನಿನ್ನನ್ನೂ ಮಕ್ಕಳನ್ನೂ ದೇವಮಾತೆ ಕಾಯಲಿ.

ನಿನ್ನ ತಂಗಿ
ನಿಕೋಲಾಸಾ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ಆ ಹಿರಿಯರು ಬಾಗಿಲಲ್ಲಿ ನಿಂತು "ಇದ್ದಾರಾ ಒಳಗೆ?" ಎಂದು ಕೇಳಿದ್ದು ನನ್ನನ್ನೇ. ಹೊರಗೆ ಹೋಗಿದ್ದಾರೆ ಎನ್ನಬೇಕೆಂದು ದೋನ್ಯಾ ಒರ್ತೆನ್ಸಿಯಾ ನನಗೆ ಹೇಳಿಕೊಟ್ಟಿದ್ದರು. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು, ಹೌದೆಂದು ತಲೆಯಾಡಿಸಿಬಿಟ್ಟೆ. ದೆಲ್ಮೀರಾ ಮೇಡಂಗೆ ಇದು ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಅವರು ಕೆಲಸ ಬಿಟ್ಟು ತಮ್ಮ ಊರಿಗೆ ಹೊರಟರು. ಅವರ ಪುಸ್ತಕದ ಪೆಟ್ಟಿಗೆಗೆ ಹಗ್ಗ ಬಿಗಿದುಕೊಟ್ಟೆ.