ಸೋಮವಾರ ಗಾಡಿ ಹೂಡದವರು

ಆಡಕಿ
ಶ್ರಾವಣ ಶುದ್ಧ ದಶಮಿ, ಶನಿವಾರ, ೧೯೪೮

ನಮ್ಮ ಮನೆಯವರಿಗೆ ಶಿವಕಾಂತಮ್ಮನ ಶರಣಾರ್ಥಿ.

ನಿಜಾಮನ ವಿರುದ್ಧ ಹೋರಾಡಲು ನೀವು ಸೇರಿದ ಸೊಲ್ಲಾಪುರದ ಕ್ಯಾಂಪಿನಿಂದ ಬರೆದ ಕಾಗದ, ಗಡಿ ದಾಟಿ ಹೋಗಿಬರುವ ಬಸ್ಸಮ್ಮನ ರೊಟ್ಟಿ ಗಂಟಿನಲ್ಲಿ ಬಂದು ಮುಟ್ಟಿತು. ಹಾಳೆ ತುಂಬ ಬರೀ ಪುರಾವೆ! ಮಾಸ್ತರಿಕೆ ಬಿಟ್ಟು ವಕೀಲಿ ಹಿಡಿದಿರೇನು? ಹೆಂಡತಿ ಹೇಗಿದ್ದಾಳೆ, ಅವಳ ತಮ್ಮ ಅಂಬಾರಾಯ ಏನಾದ ಎಂಬ ಒಂದು ಸಾಲು ಮಾತ್ರ ಅದರಲ್ಲಿ ಇರಲಿಲ್ಲ. ನಾನೇ ಹೇಳುತ್ತೇನೆ ಕೇಳಿ. ಅವನನ್ನು ಪೊಲೀಸ್ ಠಾಣೆಯ ಅಮೀನ ಲಾಕಪ್ಪಿಗೆ ಹಾಕಿದ್ದಾನೆ. ಸೇಡಂ ಪೇಟೆಯ ಗಂಜಿನಲ್ಲಿ, ಆ ಕಾಳಿನ ಮಾರುಕಟ್ಟೆಯಲ್ಲಿ, ಬಾಂಬು ಇಟ್ಟವನು ಅವನೇ ಅಂತೆ.

ಆ ಸೋಮವಾರ ಗಂಜಿನ ಬಾಗಿಲಲ್ಲಿರುವ ಚಹಾದಂಗಡಿಯ ಮುಂದೆ ಸತ್ತವರೆಲ್ಲ ಹಮಾಲರು. ನಮ್ಮ ಓಣಿಯ ಲತೀಫಾಳ ಗಂಡ ಖಾದರನೂ ಅವರಲ್ಲಿದ್ದ. ನೀವು ಬರೆಯುತ್ತೀರಿ: ದಿನಾ ಅಲ್ಲಿ ಚಹಾ ಕುಡಿಯುವ ಇಬ್ಬರು ರಜಾಕಾರರು ಅಂದು ಬಂದಿರಲಿಲ್ಲ, ಅಂದಮೇಲೆ ಅವರಿಗೆ ಮೊದಲೇ ಗೊತ್ತಿತ್ತು, ನಮ್ಮ ಮೇಲೆ ಹೊರಿಸಲು ಅವರೇ ಇಟ್ಟರು ಎಂದು. ನಾನು ಕೇಳಿ ತಿಳಿದುಕೊಂಡೆ. ಒಬ್ಬ ತನ್ನ ಅತ್ತೆಯನ್ನು ರೈಲು ಹತ್ತಿಸಲು ವಾಡಿಗೆ ಹೋಗಿದ್ದ. ಇನ್ನೊಬ್ಬನಿಗೆ ಚಳಿಜ್ವರ. ಲತೀಫಾ ತಾನೇ ಕಷಾಯ ಕಾಸಿ ಕಳಿಸಿದ್ದಳು. ಜ್ವರ ಬರುವುದಕ್ಕೂ ಪಿತೂರಿ ಬೇಕೇ?

ಅಮೀನನ ಪುರಾವೆಯೂ ನಿಮ್ಮದರ ಹಾಗೆಯೇ ಇದೆ. ಅಂದು ಗಂಜಿನಲ್ಲಿ ಅಂಬಾರಾಯನದೂ ಸೇರಿ ನಮ್ಮ ಲಿಂಗಾಯತರ ಒಂದು ಗಾಡಿಯೂ ಇರಲಿಲ್ಲ, ನಮ್ಮವರೊಬ್ಬರೂ ಸಾಯಲಿಲ್ಲ, ಅಂದಮೇಲೆ ನಮಗೆ ಗೊತ್ತಿತ್ತು! ಎತ್ತು ಬಸವಣ್ಣ, ಸೋಮವಾರ ಅದರ ಕೊರಳಿಗೆ ನೊಗ ಇಡುವುದಿಲ್ಲ ಎಂದು ನಾನು ಹೇಳಿದರೆ ಅವನು ನಕ್ಕ. "ಎತ್ತಿಗೂ ರಜಾ ಇರ್ತದೇನವ್ವಾ?" ಅಂದ. ನಿಮಗಾದರೂ ನೆನಪಿರಬೇಕು. ಮದುವೆಯಾದ ಮರುದಿನ ಸೋಮವಾರವೆಂದು ನಮ್ಮಪ್ಪ ಗಾಡಿ ಹೂಡದೆ, ನೀವು ಹೊಸ ಜೋಡು ಕಚ್ಚಿಸಿಕೊಂಡು ನಿಮ್ಮೂರ ತನಕ ನಡೆದಿರಿ.

ಅಂಬಾರಾಯನ ಪರವಾಗಿ ಠಾಣೆಗೆ ಬಂದವಳು ಒಬ್ಬಳೇ, ಲತೀಫಾ. ಗಂಡ ಸತ್ತ ಹೆಂಗಸು ಇದ್ದತ್ ಮುಗಿಯುವ ತನಕ ಹೊಸ್ತಿಲು ದಾಟಬಾರದು. ಅವಳು ದಾಟಿದಳು. ಬುರ್ಖಾದೊಳಗಿಂದಲೇ ಅಮೀನನಿಗೆ ಹೇಳಿದಳು: "ಹೋದ ವರ್ಸ ನನ್ನ ಮಗಳು ಹಡಿಯೋ ಬ್ಯಾನಿ ತಿನ್ನಾಕತ್ತಿದ್ಳು ಸಾಬ್. ದವಾಖಾನಿಗೆ ಒಯ್ಬೇಕು, ಗಾಡಿ ಹೂಡಪಾ ಅಂತ ಈ ಅಂಬಾರಾಯನ ಕಾಲು ಹಿಡಿದೆ. ಸೋಮವಾರ ಐತಿ ಅಂತ ಅಳಕೋತ ನಿಂತ, ಹೂಡ್ಲಿಲ್ಲ. ಕೂಸು ಉಳೀಲಿಲ್ಲ. ಅಂದು ಹೂಡದಾಂವ ಎಂದೂ ಹೂಡಂಗಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮನ್ನು ಉಳಿಸಲು ಅವಳ ಕೈಯಲ್ಲಿ ಇದ್ದದ್ದು ಆ ಸಂಕಟವೊಂದೇ.

ಅದನ್ನಾದರೂ ಯಾರು ನಂಬಿದರು? ಅವಳ ಮಂದಿ, ಲಿಂಗಾಯತರ ಜೋಳ ತಿಂದು ಹೇಳಿದಳು ಅಂದರು. ನಮ್ಮ ರೇವಣಪ್ಪ ಕಾಕಾ, ಇದು ರಜಾಕಾರರು ಕಲಿಸಿದ ಆಟ, ಇದರಲ್ಲಿ ಏನೋ ಮಸಲತ್ತಿದೆ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮಂದಿ, ಕಣ್ಣೆದುರು ಅಳುವವಳನ್ನು ನಂಬುವುದಿಲ್ಲ.

ನನಗೆ ನಿಮ್ಮ ಪುರಾವೆ ಬೇಡ. ಒಂದೇ ಮಾತು ಬರೆಯಿರಿ. ಬಾಂಬು ಇಟ್ಟವರು ನಿಮ್ಮ ಕ್ಯಾಂಪಿನವರೇ? ಹೌದಾದರೆ, ಯಾರೆಂದು ಹೇಳಿದರೆ ಅಂಬಾರಾಯ ಬಿಡುಗಡೆಯಾದಾನು. ಅಲ್ಲವಾದರೆ ಅಲ್ಲ ಅನ್ನಿ. ತಿಳಿಯದಿದ್ದರೆ ಗೊತ್ತಿಲ್ಲ ಅನ್ನಿ. ಗೊತ್ತಿಲ್ಲ ಅನ್ನುವವರು ಈ ಸೀಮೆಯಲ್ಲಿ ಒಬ್ಬರೂ ಉಳಿದಿಲ್ಲ. ನೀವು ಬರೆಯುತ್ತೀರಿ ಎಂಬ ಆಸೆ ನನಗಿಲ್ಲ. ಕೇಳದೆ ಇರಲಾರೆ, ಅದಕ್ಕೆ ಕೇಳಿದ್ದೇನೆ.

ಇಂತಿ,
ನೀವು ಕೈಹಿಡಿದ
ಶಿವಕಾಂತಮ್ಮ

ತಾ.ಕ.: ಬಸ್ಸಮ್ಮ ಹೊರಡುವುದು ತಡವಾಯಿತು, ಅದಕ್ಕೆ ಇಷ್ಟು ಸೇರಿಸುತ್ತಿದ್ದೇನೆ. ನಿನ್ನೆ ಸಂಜೆ ಠಾಣೆಯ ಜವಾನ ಬಂದು, ಹೆಣ ಒಯ್ಯಿರಿ ಅಂದ. ಅಂಬಾರಾಯ ಹೋದ. ಹೇಗೆ ಹೋದ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಂದು ಸೋಮವಾರ. ಹೆದರಿ ಊರಿನ ಯಾರೂ ಹೆಗಲು ಕೊಡಲು ಬರಲಿಲ್ಲ. ಎತ್ತುಗಳ ಮೈ ಸವರಿ, ತಪ್ಪಾಯಿತು ಬಸವಾ ಎಂದು ನಾನೇ ಗಾಡಿ ಹೂಡಿದೆ. ಅಂದು ತನ್ನ ಮಗಳಿಗೆ ಸಿಗದ ಆ ಗಾಡಿಯಲ್ಲಿ ಲತೀಫಾ ನನ್ನ ತಮ್ಮನ ತಲೆ ಹಿಡಿದು ಕೂತಳು. ಗಂಜಿನ ಮುಂದೆ ಹಾಯುವಾಗ ಯಾರೋ ಕೂಗಿ ಹೇಳಿದರು: "ನೋಡ್ರೋ, ಸೋಮವಾರ ಗಾಡಿ ಹೂಡಂಗಿಲ್ಲ ಅಂತಿದ್ರು. ಎಲ್ಲಾ ಸುಳ್ಳು!"