ಬಲಗೈಗೆ ಏನೂ ಇಲ್ಲದ ಕೋಣೆ

ತಾರೀಖು ಹದಿನಾಲ್ಕು, ಮಂಗಳವಾರ
ಮಧ್ಯಾಹ್ನದ ಊಟವಾದ ಮೇಲೆ

ಒಂದು ಕಾಲದ ಮಾತಿನಮಲ್ಲಿ, ಈಗ ಬಾಯಿಗೆ ಬೀಗ ಹಾಕಿಕೊಂಡಿರುವ ನನ್ನ ಮಗಳಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂದುಕೊಳ್ಳುತ್ತೇನೆ. ಫೋನಿನಲ್ಲಿ ನೀನು ಹೇಳುವುದನ್ನು ನಂಬುವ ಕಾಲ ಮುಗಿಯಿತು, ಆದ್ದರಿಂದ ಎಂದುಕೊಳ್ಳುವುದಷ್ಟೇ ಉಳಿದಿದೆ.

ನೀನು ಕಳಿಸಿದ ಹೊಸ ಮನೆಯ ನಕ್ಷೆ ಬಂದು ಹನ್ನೆರಡು ದಿನವಾಯಿತು. ಹೊಗಳಬೇಕಾದ್ದನ್ನು ಮೊದಲೇ ಹೊಗಳಿಬಿಡುತ್ತೇನೆ, ಆಮೇಲೆ ಮನಸ್ಸು ಬರುವುದಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಆಫೀಸಿನಲ್ಲಿ ಇಂಜಿನಿಯರುಗಳ ನಕ್ಷೆಗಳ ಮೇಲೆ ತೆಳುಕಾಗದ ಹಾಸಿ ಶಾಯಿಯಲ್ಲಿ ನಕಲು ತೆಗೆದವಳು ನಾನು. ಗುಡ್ಡ ಕಂಡ ಕೂಡಲೇ ಕಡಿದು ಚಪ್ಪಟೆ ಮಾಡು ಎನ್ನುವವರನ್ನೇ ಹೆಚ್ಚು ಕಂಡಿದ್ದೇನೆ. ನೀನು ಗುಡ್ಡವನ್ನು ಮುಟ್ಟಿಲ್ಲ. ಇಳಿಜಾರಿಗೆ ಅಡ್ಡಲಾಗಿ ಮನೆಯನ್ನು ಉದ್ದಕ್ಕೆ ಮಲಗಿಸಿ, ಕಂಬಗಳ ಮೇಲೆ ಎತ್ತಿ, ಮಳೆನೀರು ಅಡಿಯಲ್ಲೇ ಹರಿದುಹೋಗಲು ಬಿಟ್ಟಿದ್ದೀಯ. ಆನೆಯಷ್ಟು ದೊಡ್ಡ ಬಂಡೆಯನ್ನು ಒಡೆಸದೆ ನಡುಮನೆಯ ಗೋಡೆಯನ್ನೇ ಅದರ ಸುತ್ತ ಬಾಗಿಸಿದ್ದೀಯ. ಜಗಲಿಯ ಹಲಗೆಯಲ್ಲಿ ತೂತು ಬಿಟ್ಟು ಮರಕ್ಕೆ ದಾರಿ ಕೊಟ್ಟಿದ್ದೀಯ. ಛಾವಣಿಯ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಮೇಲಿನ ರಸ್ತೆಯಲ್ಲಿ ಹೋಗುವವರಿಗೆ ಅಲ್ಲೊಂದು ಮನೆ ಇದೆಯೆಂದೇ ತಿಳಿಯುವುದಿಲ್ಲ. ನಿಜವಾಗಿ ಇಷ್ಟವಾಯಿತು. ಪೂರ್ವದ ಕೋಣೆಯೊಳಗೆ ‘ಅಮ್ಮ’ ಎಂದು ಬರೆದಿದ್ದೂ ಇಷ್ಟವಾಯಿತು.

ಇನ್ನು ವಿಷಯಕ್ಕೆ ಬರುತ್ತೇನೆ. ನನಗೆ ಅನುಮಾನ ಹುಟ್ಟುಗುಣ ಎನ್ನುತ್ತೀಯಲ್ಲ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಗುಡ್ಡದ ಮೇಲಿನ ಮನೆಗೆ ಒಂದೇ ಒಂದು ಮೆಟ್ಟಿಲಿಲ್ಲ. ಏಕೆಂದು ಕೇಳಿದ್ದಕ್ಕೆ ನನ್ನ ಮಂಡಿಗಾಗಿ ಎಂದೆ. ನನ್ನ ಮಂಡಿಗೆ ಏನಾಗಿದೆ? ತರಕಾರಿ ಚೀಲ ಹೊತ್ತು ಇವತ್ತಿಗೂ ಮೂರು ಮಹಡಿ ಹತ್ತುತ್ತೇನೆ, ಕೆಳಗಿನ ಮನೆಯ ಹುಡುಗಿಯರು ನನಗಿಂತ ಹೆಚ್ಚು ಏದುಸಿರು ಬಿಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಎತ್ತು ಯಾವುದೆಂದು ಅವತ್ತೇ ಹುಡುಕಲು ಶುರುಮಾಡಿದೆ.

ನನ್ನ ಕೋಣೆಯ ಪಕ್ಕದಲ್ಲಿ ಒಂದು ‘ಅತಿಥಿ ಕೋಣೆ’. ಬಂದವರನ್ನು ಹಾಲಿನ ಸೋಫಾ ಮೇಲೆ ಮಲಗಿಸಿ ಬೆಳಿಗ್ಗೆ ಆರಕ್ಕೆಲ್ಲ ಎಬ್ಬಿಸುವವಳು ನೀನು. ಅಂಥವಳು ಅತಿಥಿಗೆ ಇಡೀ ಮನೆಯಲ್ಲೇ ಚೆಂದದ ನೋಟ, ಬಚ್ಚಲಿಗೆ ಅಗಲವಾದ ಬಾಗಿಲು, ಮಂಚದ ಪಕ್ಕ ಕರೆಗಂಟೆ ಕೊಡುತ್ತೀಯಾ? ಮೊದಲು ನಿನ್ನ ಅತ್ತೆಯ ಮೇಲೆ ಅನುಮಾನ ಬಂತು. ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಬೀಗಿತ್ತಿಗೆ ಫೋನು ಮಾಡಿದೆ. ಅವರು ಈಜು ಕಲಿಯುತ್ತಿದ್ದಾರಂತೆ. ನೀರಿನಲ್ಲಿ ಉಸಿರು ಬಿಡುವ ಕ್ರಮವನ್ನು ನನಗೆ ಅರ್ಧ ಗಂಟೆ ವಿವರಿಸಿದರು. ಅವರನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಹೋದ ಬುಧವಾರ, ನಿನಗೆ ಹೇಳದೆ, ಎರಡು ಬಸ್ಸು ಬದಲಿಸಿ ಗುಡ್ಡಕ್ಕೆ ಹೋದೆ. ಮೇಸ್ತ್ರಿ ಸುಣ್ಣದಲ್ಲಿ ಗೆರೆ ಹಾಕಿಸುತ್ತಿದ್ದ. ನಿನ್ನ ತಾಯಿಯೆಂದು ತಿಳಿದ ಮೇಲೆ ಬಂಡೆಯ ನೆರಳಿನಲ್ಲಿ ಕೂರಿಸಿ ಚಹಾ ಕೊಟ್ಟ. ನಕ್ಷೆಯಲ್ಲಿ ಅತಿಥಿ ಕೋಣೆಯ ಕಿಟಕಿಯನ್ನು ಅಷ್ಟು ತಗ್ಗಿಸಿದ್ದು ಏಕೆಂದು ಏನೂ ಅರಿಯದವಳ ಹಾಗೆ ಕೇಳಿದೆ. “ಮಲಗಿದ್ದೋರಿಗೂ ಎದುರಿನ ಬೆಟ್ಟಸಾಲು ಕಾಣ್ಬೇಕಂತಮ್ಮ. ಮೇಡಂ ಇಲ್ಲೇ ಹಲಗೆ ಹಾಕಿಸ್ಕೊಂಡು, ತಾವೇ ಮಲಗಿ ನೋಡಿ ಅಳತೆ ಹೇಳಿದ್ರು” ಎಂದ. ನೀನು ಆ ಬಿಸಿಲಿನಲ್ಲಿ ಮಲಗಿ, ಯಾರದೋ ಕಣ್ಣಿನಿಂದ ಬೆಟ್ಟ ನೋಡಿದ್ದನ್ನು ನೆನೆಯುತ್ತ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮನೆಗೆ ಬಂದು ನಕ್ಷೆಯ ಮೇಲೆ ತೆಳುಕಾಗದ ಹಾಸಿ ಕೂತೆ. ಕಣ್ಣು ತಪ್ಪಿಸಿಕೊಂಡದ್ದನ್ನು ಕೈ ಹಿಡಿಯುತ್ತದೆ, ಗೆರೆಯ ಮೇಲೆ ಗೆರೆ ಎಳೆಯುವಾಗ ಎಳೆದವರ ಮನಸ್ಸು ತಿಳಿಯುತ್ತದೆ. ಮಂಚದ ಬಲಮಗ್ಗುಲು ಗೋಡೆಗೆ ಒತ್ತಿದೆ. ಕರೆಗಂಟೆ ಎಡಕ್ಕೆ. ದೀಪದ ಸ್ವಿಚ್ಚು ಎಡಕ್ಕೆ. ಬಚ್ಚಲಿನಲ್ಲಿ ನಲ್ಲಿ, ಹಿಡಿದು ಏಳುವ ಕಂಬಿ, ಸೋಪಿನ ಗೂಡು, ಎಲ್ಲವೂ ಎಡಕ್ಕೇ. ಆ ಕೋಣೆಯಲ್ಲಿ ಬಲಗೈಗೆ ಏನೂ ಇಲ್ಲ. ನಮ್ಮ ಬಳಗದಲ್ಲಿ ಎಡಚರು ಯಾರೂ ಇಲ್ಲ. ಹಾಗಾದರೆ ಬಲಗೈ ಇದ್ದೂ ಇಲ್ಲದಂತಾದವರು ಯಾರು? ಪೆನ್ನು ಅಲ್ಲೇ ನಿಂತು ಕಾಗದದ ಮೇಲೆ ಶಾಯಿ ಹರಡಿತು.

ಬೆಟ್ಟ ನೋಡದೆ ಇರಲಾರದ ಮನುಷ್ಯರು ನನಗೆ ಗೊತ್ತಿರುವುದು ಒಬ್ಬರೇ. ಸರ್ವೆ ಕೆಲಸವಿದೆ, ಮೂರು ತಿಂಗಳಿಗೆ ಬರುತ್ತೇನೆ ಎಂದು ಒಂಬತ್ತು ವರ್ಷದ ಹಿಂದೆ ಹೊರಟವರು, ಇನ್ನೊಂದು ಊರಿನಲ್ಲಿ ಇನ್ನೊಬ್ಬಳ ಜೊತೆ ಉಳಿದುಹೋದವರು. ನಿನ್ನ ಅಪ್ಪ. ಅವರೊಂದಿಗೆ ಸರ್ವೆ ಮಾಡುತ್ತಿದ್ದ ಹಳೆಯ ಸಹೋದ್ಯೋಗಿಗೆ ಫೋನು ಮಾಡಿದೆ. ಮುಚ್ಚಿಡುವುದರಲ್ಲಿ ಅವರು ನಿನ್ನಷ್ಟು ಗಟ್ಟಿಗರಲ್ಲ. ಆಕೆ ತೀರಿಕೊಂಡು ಎರಡು ವರ್ಷವಂತೆ. ಹದಿನಾಲ್ಕು ತಿಂಗಳ ಹಿಂದೆ ಇವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತಂತೆ, ಮಾತು ತೊದಲುತ್ತದಂತೆ. ಈಗ ಆರೈಕೆ ಮಂದಿರದಲ್ಲಿದ್ದಾರಂತೆ. ಮಗಳು ತಿಂಗಳಿಗೆ ಎರಡು ಶನಿವಾರ ಬಂದು ತಾನೇ ಗಡ್ಡ ಬೋಳಿಸಿ ಹೋಗುತ್ತಾಳಂತೆ. ಶನಿವಾರ ಸೈಟಿನ ಕೆಲಸವಿದೆ ಎನ್ನುತ್ತಿದ್ದೆಯಲ್ಲ, ಅದರಲ್ಲಿ ಎಷ್ಟು ಶನಿವಾರ ಸುಳ್ಳು ಎಂದು ಕ್ಯಾಲೆಂಡರ್ ಹಿಡಿದು ಕೂತುಕೊಂಡೆ.

ಮೊನ್ನೆ ಭಾನುವಾರ ಫೋನಿನಲ್ಲಿ, ಆ ಕೋಣೆಗೆ ಬರುವ ಅತಿಥಿ ಯಾರು ಎಂದಷ್ಟೇ ಕೇಳಿದೆ. “ಅಪ್ಪ ಅಲ್ಲಮ್ಮ” ಎಂದುಬಿಟ್ಟೆ ನೀನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಒಂಬತ್ತು ವರ್ಷದಲ್ಲಿ ನನ್ನ ಮುಂದೆ ನೀನು ಆ ಪದ ಆಡಿದ್ದು ಅದೇ ಮೊದಲು. ನಾನು ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ತುಂಬ ಸಿಟ್ಟು ಬಂದಿದೆ. ಅವರ ಮೇಲಿನ ಸಿಟ್ಟು ಹಳೆಯದು, ಅದರ ಜೊತೆ ಬಾಳುವುದು ಅಭ್ಯಾಸವಾಗಿದೆ. ಇದು ನಿನ್ನ ಮೇಲಿನದು. ಒಂದು ಬಂಡೆಗೆ ನೋವಾಗಬಾರದೆಂದು ಗೋಡೆ ಬಾಗಿಸಿದವಳು, ಒಂದು ಮಾತು ಕೇಳದೆ ನನ್ನನ್ನು ಒಯ್ದು ಅವರ ಪಕ್ಕದ ಕೋಣೆಯಲ್ಲಿ ಇಡಲು ಹೊರಟೆ. ಒಮ್ಮೆ ಬಂದ ಮೇಲೆ ಅಮ್ಮ ಎಲ್ಲಿಗೆ ಹೋಗುತ್ತಾಳೆ ಅಂದುಕೊಂಡೆಯಾ? ಇನ್ನೊಂದು. ಎರಡು ಕೋಣೆಗಳ ನಡುವೆ ‘ಕಪಾಟು’ ಎಂದು ಬರೆದಿದ್ದೀಯಲ್ಲ, ಅದು ಕಪಾಟಲ್ಲ. ಯಾವ ಕಪಾಟಿಗೂ ಎರಡು ಕಡೆ ಬಾಗಿಲಿರುವುದಿಲ್ಲ. ಯಾವತ್ತಾದರೂ ಒಂದು ದಿನ ಅಮ್ಮನೇ ನಡುವಿನ ಹಲಗೆ ತೆಗೆಸುತ್ತಾಳೆ ಎಂದು ಆಸೆ ಇಟ್ಟುಕೊಂಡಿದ್ದೀಯ. ಅದನ್ನು ನಕಲು ಮಾಡುವಾಗ ಅತ್ತುಬಿಟ್ಟೆ. ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

ಈಗ ಕೇಳು. ಆ ಕಪಾಟಿನ ಜಾಗಕ್ಕೆ ಇಟ್ಟಿಗೆ ಕಟ್ಟಿಸು. ನಾನು ಅವರಿಗೆ ಊಟ ಬಡಿಸುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಅದಕ್ಕೆ ಯಾರನ್ನಾದರೂ ಗೊತ್ತುಮಾಡು. ಜಗಲಿಯಲ್ಲಿ ನನ್ನ ಕುರ್ಚಿ ಮರದ ಆಚೆಗಿರಲಿ. ಇಷ್ಟಕ್ಕೆ ಒಪ್ಪಿದರೆ ಬರುತ್ತೇನೆ, ಒಪ್ಪದಿದ್ದರೆ ಈ ಮೂರನೇ ಮಹಡಿಯೇ ನನಗೆ ಸಾಕು. ತಿದ್ದಿದ ನಕ್ಷೆ ಇದರ ಜೊತೆಗಿದೆ. ‘ಅತಿಥಿ’ ಎಂಬುದನ್ನು ಅಳಿಸಿ ‘ಅಪ್ಪ’ ಎಂದು ಬರೆದಿದ್ದೇನೆ. ಮೇಸ್ತ್ರಿಯ ಹತ್ತಿರವೂ ಇನ್ನು ಸುಳ್ಳು ಹೇಳಬೇಡ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಅಮ್ಮ

ಬಿಟ್ಟುಹೋದದ್ದು: ಬಚ್ಚಲಿನಲ್ಲಿ ಕೂರುವ ಕಟ್ಟೆಗೆ ಹದಿನಾರು ಅಂಗುಲ ಎತ್ತರ ಬರೆದಿದ್ದೀಯ. ಅಷ್ಟು ತಗ್ಗಾದರೆ ಅವರಿಗೆ ಏಳಲಾಗುವುದಿಲ್ಲ, ಹತ್ತೊಂಬತ್ತು ಮಾಡು. ಇದು ಊಹೆಯಲ್ಲ. ನಿನ್ನೆ ಆರೈಕೆ ಮಂದಿರಕ್ಕೆ ಹೋಗಿದ್ದೆ. ನೀವು ಯಾರು ಎಂದು ನರ್ಸು ಕೇಳಿದಳು. ಡ್ರಾಯಿಂಗ್ ಆಫೀಸಿನವಳು, ಅಳತೆಗೆ ಬಂದಿದ್ದೇನೆ ಎಂದೆ. ನಿನ್ನ ಅಪ್ಪ ಮಂಚದ ಮೇಲೆ ಕೂತು ಕೇಳಿಸಿಕೊಂಡರು. ನಾನು ಟೇಪು ಬಿಚ್ಚಿದಾಗ, ಹೇಳುವ ಮೊದಲೇ, ಅದರ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡರು.